ತಿಪ್ಪೆ ಮೊದಲು, ಇದ್ದಿಲು ಆಮೇಲೆ

(ತಿಪಟೂರು ಭಾಗದ ತೆಂಗು ಮತ್ತು ರಾಗಿ ಬೆಳೆಗಾರರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮಣ್ಣಿಗೆ ಬಯೋಚಾರ್, ಅಂದರೆ ಇದ್ದಿಲು, ಹಾಕೋಣವಾ, ಕೊಟ್ಟಿಗೆ ಗೊಬ್ಬರವೇ ಸಾಕಾ? ಈಚೆಗೆ ಯಾವ ಊರಿಗೆ ಹೋದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿರುತ್ತೀರಿ. ಕಪ್ಪು ಪುಡಿ ಹಾಕಿದ ಸಾಲಿನಲ್ಲಿ ಗಿಡ ಎದೆಯೆತ್ತರ, ಹಾಕದ ಸಾಲಿನಲ್ಲಿ ಮೊಣಕಾಲೆತ್ತರ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಆಮೇಲೆ ಒಂದೊಂದಾಗಿ ನೋಡೋಣ. ನಿಮ್ಮ ಹತ್ತಿರ ಇರುವ ದುಡ್ಡು, ಆಳು, ಪುರುಸೊತ್ತು ಒಂದೇ ಕೆಲಸಕ್ಕೆ ಸಾಕಾಗುವಷ್ಟಿದ್ದರೆ ಅದನ್ನು ತಿಪ್ಪೆಗೆ ಹಾಕಿ. ತಿಪ್ಪೆ ಸರಿಯಾದ ಮೇಲೆ ಬಯೋಚಾರ್ ಮಾಡಿ. ಮಾಡಿದ ಬಯೋಚಾರನ್ನೂ ನೇರವಾಗಿ ಹೊಲಕ್ಕೆ ಎರಚಬೇಡಿ. ತಿಪ್ಪೆಯಲ್ಲಿ ಕೂರಿಸಿ, ಗೊಬ್ಬರದ ಜೊತೆ ಕಳಿಯಲು ಬಿಡಿ.

ಬಯೋಚಾರ್ ಅಂದರೆ ಏನು ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕಟ್ಟಿಗೆ, ಕಡ್ಡಿ, ಹೊಟ್ಟು ಇಂಥದ್ದನ್ನು ಗಾಳಿ ಸರಿಯಾಗಿ ಸಿಗದಂತೆ ಮಾಡಿ 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಅದು ಬೂದಿ ಆಗುವುದಿಲ್ಲ, ಇದ್ದಿಲಾಗಿ ಉಳಿಯುತ್ತದೆ. ಆ ಇದ್ದಿಲನ್ನು ಒಲೆಗೆ ಹಾಕದೆ ಮಣ್ಣಿಗೆ ಹಾಕಿದರೆ ಅದೇ ಬಯೋಚಾರ್. ಇದ್ದಿಲಿನ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ. ನೀರು ಅದರಲ್ಲಿ ನಿಲ್ಲುತ್ತದೆ. ಪೋಷಕಾಂಶ ಅದರ ಮೈಗೆ ಅಂಟಿಕೊಳ್ಳುತ್ತದೆ. ಮಣ್ಣಿನ ಜೀವಾಣುಗಳಿಗೆ ಅಲ್ಲಿ ಜಾಗ ಸಿಗುತ್ತದೆ. ಇನ್ನೊಂದು ಮುಖ್ಯ ಗುಣವೆಂದರೆ ಅದು ಕೊಳೆಯುವುದಿಲ್ಲ. ಸರಿಯಾಗಿ ಬೆಂದ ಇದ್ದಿಲಿನ ಇಂಗಾಲದ ಹೆಚ್ಚಿನ ಭಾಗ ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ.

ಈಗ ನಮ್ಮ ಮಣ್ಣಿನ ಕಡೆ ಬರೋಣ. ಔಷಧಿ ಯಾವುದು ಅನ್ನುವ ಮೊದಲು ಕಾಯಿಲೆ ಏನು ಅಂತ ನೋಡಬೇಕಲ್ಲ.

ಈ ಕಡೆಯ ಕೆಂಪು ಮಣ್ಣು, ಅದರಲ್ಲೂ ಮರಳು ಬೆರೆತ ಕೆಂಪು ಮಣ್ಣು, ಎರಡು ವಿಷಯದಲ್ಲಿ ಬಡವ. ನೀರು ಹಿಡಿಯುವುದಿಲ್ಲ, ಹಾಕಿದ ಗೊಬ್ಬರದ ಸಾರವನ್ನೂ ಹಿಡಿಯುವುದಿಲ್ಲ. ಒಂದು ಜೋರು ಮಳೆ ಬಂದರೆ ನೀರಿನ ಜೊತೆ ಸಾರಜನಕ ಕೆಳಗಿಳಿದು ಹೋಗುತ್ತದೆ. ಮಳೆ ಹತ್ತು ದಿನ ಕೈಕೊಟ್ಟರೆ ರಾಗಿ ಪೈರು ಮಧ್ಯಾಹ್ನದ ಹೊತ್ತಿಗೆ ಸುರುಟಿಕೊಳ್ಳುತ್ತದೆ. ಮಣ್ಣು ಪರೀಕ್ಷೆಯ ಕಾರ್ಡು ತೆಗೆದು ನೋಡಿ. ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತದೆ. ಅದು ಶೇಕಡ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. ನಮ್ಮ ಕಡೆ ಎಷ್ಟೋ ಕಾರ್ಡುಗಳಲ್ಲಿ ಆ ಸಾಲು ಮೊದಲನೇ ಮನೆಯಲ್ಲೇ ನಿಂತಿರುತ್ತದೆ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಕಾರ್ಯಕ್ರಮದಲ್ಲಿ ರಾಜ್ಯದ ಉದ್ದಗಲಕ್ಕೂ ಮಣ್ಣು ಪರೀಕ್ಷೆ ಮಾಡಿಸಿದರು. ಆಗ ಇಂಗಾಲದ ಜೊತೆಗೆ ಗಂಧಕ, ಸತು, ಬೋರಾನ್ ಕೊರತೆಯೂ ಎದ್ದು ಕಂಡಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೋರಾನ್ ಕೊರತೆ ಇರುವ ಹೊಲಕ್ಕೆ ಎಷ್ಟು ಇದ್ದಿಲು ಸುರಿದರೂ ಆ ಕೊರತೆ ತುಂಬುವುದಿಲ್ಲ. ಕಾರ್ಡು ನೋಡದೆ ಯಾವುದನ್ನೂ ಹಾಕಬೇಡಿ.

ಗೊಬ್ಬರ ಏನು ಮಾಡುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಲೆಕ್ಕ ಸ್ವಲ್ಪ ಹೇಳುತ್ತೇನೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಟನ್ನಿನಲ್ಲಿ ಸುಮಾರು 5 ಕೆ.ಜಿ. ಸಾರಜನಕ, 2 ಕೆ.ಜಿ. ರಂಜಕ, 5 ಕೆ.ಜಿ. ಪೊಟ್ಯಾಷ್ ಇರುತ್ತದೆ. ಎಕರೆಗೆ 3 ಟನ್ ಹಾಕಿದರೆ 15 ಕೆ.ಜಿ. ಸಾರಜನಕ ಹೊಲಕ್ಕೆ ಬಂದ ಹಾಗೆ. ಎಲ್ಲವೂ ಅದೇ ವರ್ಷ ಪೈರಿಗೆ ಸಿಗುವುದಿಲ್ಲ, ನಿಧಾನವಾಗಿ ಬಿಡುತ್ತದೆ. ಇದರ ಜೊತೆಗೆ ಸತು, ಬೋರಾನ್, ಕಬ್ಬಿಣದಂಥ ಲಘು ಪೋಷಕಾಂಶಗಳೂ ಇರುತ್ತವೆ. ಎಲ್ಲಕ್ಕಿಂತ ದೊಡ್ಡದು, ಜೀವಾಣುಗಳಿಗೆ ಅದು ಆಹಾರ. ಜೀವಾಣುಗಳು ತಿಂದು ಬಿಟ್ಟ ಅಂಟಿನಿಂದಲೇ ಮಣ್ಣು ಹರಳುಗಟ್ಟುವುದು. ಕೈಯಲ್ಲಿ ಹಿಡಿದರೆ ಹುಡಿ ಹುಡಿಯಾಗಿ ಬಿಡುವ ಮಣ್ಣು ಬೇಕು ಅಂದರೆ ಜೀವಾಣುಗಳಿಗೆ ಊಟ ಹಾಕಲೇಬೇಕು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಒಣಬೇಸಾಯದ ರಾಗಿ ಮೇಲೆ 1978ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅದೇ ತಾಕು, ಅದೇ ರಾಗಿ, ವರ್ಷ ವರ್ಷವೂ ಅದೇ ಗೊಬ್ಬರ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ರಸಗೊಬ್ಬರ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಎರಡೂ. 27 ವರ್ಷದ ಲೆಕ್ಕ ಹಾಕಿ ನೋಡಿದಾಗ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮತ್ತು ಶಿಫಾರಸಿನ ರಸಗೊಬ್ಬರ ಎರಡೂ ಬಿದ್ದ ತಾಕಿನಲ್ಲೇ ಇಳುವರಿ ಮೇಲಿತ್ತು. ಏನೂ ಹಾಕದ ತಾಕಿನ ಮಣ್ಣಿನಲ್ಲಿ ಇಂಗಾಲ ಕರಗುತ್ತಾ ಹೋಗಿತ್ತು. ಇದು ನಮ್ಮದೇ ಕೆಂಪು ಮಣ್ಣು, ನಮ್ಮದೇ ಮಳೆ, ನಮ್ಮದೇ ರಾಗಿ. ಅದಕ್ಕೇ ನನಗೆ ಬೇರೆ ದೇಶದ ವಿಡಿಯೋಗಳಿಗಿಂತ ಈ ತಾಕುಗಳ ಮೇಲೆ ಜಾಸ್ತಿ ನಂಬಿಕೆ.

ಇನ್ನೊಂದು ಸಂಗತಿ ಹೇಳುತ್ತೇನೆ, ಇದು ದೂರದ್ದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಕೃಷಿ ಸಂಶೋಧನಾ ಕೇಂದ್ರದ, ಬಾರ್ಲಿ ಬೆಳೆಯುವ ಒಂದು ತಾಕಿದೆ. ಅದಕ್ಕೆ 1852ರಿಂದ 1871ರವರೆಗೆ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿದರು. ಆಮೇಲೆ ನಿಲ್ಲಿಸಿಬಿಟ್ಟರು. ಒಂದು ಹಿಡಿ ಕೂಡ ಹಾಕಲಿಲ್ಲ. ನೂರು ವರ್ಷ ಕಳೆದ ಮೇಲೆ ಅಳೆದರೂ, ಯಾವತ್ತೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಅದರಲ್ಲಿ ಇಂಗಾಲ ಜಾಸ್ತಿ ಇತ್ತು. ಗೊಬ್ಬರ ಒಂದೇ ವರ್ಷಕ್ಕೆ ಕರಗಿ ಹೋಗುತ್ತದೆ ಅಂತ ಬಯೋಚಾರ್ ಮಾರುವವರು ಹೇಳುತ್ತಾರಲ್ಲ, ಅದು ಪೂರ್ತಿ ನಿಜವಲ್ಲ. ಆದರೆ ಅಲ್ಲಿಯದು ತಣ್ಣನೆಯ ದೇಶ. ನಮ್ಮ ಬಿಸಿಲಿಗೆ, ನಾವು ಹೊಡೆಯುವ ಉಳುಮೆಗೆ ಗೊಬ್ಬರ ಬೇಗ ಕರಗುತ್ತದೆ, ಅದನ್ನೂ ಒಪ್ಪಬೇಕು. ಅದಕ್ಕೇ ನಾವು ಮತ್ತೆ ಮತ್ತೆ ಹಾಕುತ್ತಲೇ ಇರಬೇಕು.

ಹಾಕುವುದಕ್ಕೆ ಗೊಬ್ಬರ ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೊದಲು ಪ್ರತಿ ಮನೆಗೂ ಜೋಡೆತ್ತು, ನಾಲ್ಕಾರು ಹಸು ಇದ್ದವು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ಕೂರಿಸುತ್ತಿದ್ದರು. ಕೆರೆ ಬತ್ತಿದಾಗ ಗೋಡು ಹೊಡೆಯುತ್ತಿದ್ದರು. ಈಗ ಉಳುಮೆಗೆ ಟ್ರ್ಯಾಕ್ಟರ್, ಮನೆಯಲ್ಲಿ ಒಂದೋ ಎರಡೋ ಹಾಲಿನ ಹಸು. ಆದರೂ ಒಂದು ಮಾತು. ಒಂದು ಹಸು ದಿನಕ್ಕೆ ಹತ್ತು ಕೆ.ಜಿ.ಗಿಂತ ಜಾಸ್ತಿ ಸಗಣಿ ಹಾಕುತ್ತದೆ. ವರ್ಷಕ್ಕೆ ನಾಲ್ಕು ಟನ್ ಹತ್ತಿರ ಆಯಿತು. ಅದರಲ್ಲಿ ಎಷ್ಟು ಹೊಲ ಸೇರುತ್ತಿದೆ?

ನಿಮ್ಮ ಮನೆ ಹಿಂದಿನ ತಿಪ್ಪೆಯನ್ನು ಒಂದು ಸಲ ಹತ್ತಿರ ಹೋಗಿ ನೋಡಿ. ನೆಲದ ಮೇಲೆ ಗುಡ್ಡೆ. ಮೇಲೆ ಬಿಸಿಲು ಬಿದ್ದು ಸಗಣಿ ಬಿಲ್ಲೆಗಳಾಗಿ ಒಣಗಿರುತ್ತದೆ. ಸಲಿಕೆ ಹಾಕಿ ಒಂದು ಮೊಳ ಕೆಳಗೆ ತೆಗೆದರೆ ಹಬೆ ಬರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಆ ಘಾಟು ಅಮೋನಿಯಾ. ಅಂದರೆ ನಿಮ್ಮ ಸಾರಜನಕ ಗಾಳಿಗೆ ಹೋಗುತ್ತಿದೆ. ಮಳೆ ಬಂದಾಗ ತಿಪ್ಪೆಯ ಬುಡದಿಂದ ಕಂದು ಬಣ್ಣದ ನೀರು ಹರಿದು ಚರಂಡಿ ಸೇರುತ್ತದೆ. ಅದು ನಿಮ್ಮ ಪೊಟ್ಯಾಷ್. ಕೈ ಹಾಕಿ ಕೆದಕಿದರೆ ದಪ್ಪ ಬಿಳಿ ಗೊಣ್ಣೆ ಹುಳುಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ಅರೆಬರೆ ಕಳಿತ ಗೊಬ್ಬರದ ಜೊತೆ ಅವೂ ಹೊಲಕ್ಕೆ ಹೋಗುತ್ತವೆ. ಇನ್ನು ಕೊಟ್ಟಿಗೆಯ ಗಂಜಲದ ಕತೆ ಕೇಳಲೇಬೇಡಿ. ಹಸು ಹೊರಗೆ ಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ, ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಗಂಜಲದಲ್ಲೇ ಇರುತ್ತದೆ. ಆ ಗಂಜಲ ಕಲ್ಲು ಚಪ್ಪಡಿಯ ಸಂದಿಯಲ್ಲಿ ಇಂಗಿ ಹೋಗುತ್ತದೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ. ಅಂಗಡಿಯಲ್ಲಿ ಮೂಟೆಗೆ ದುಡ್ಡು ಕೊಟ್ಟು ತರುವ ಪೊಟ್ಯಾಷನ್ನೇ ನಾವು ಕೊಟ್ಟಿಗೆಯಲ್ಲಿ ಹರಿಯಬಿಡುತ್ತಿದ್ದೇವೆ.

ತಿಪ್ಪೆಗೆ ಬೇಕಾಗಿರುವುದು ನೆರಳು, ತೇವ, ಮುಚ್ಚಿಗೆ, ಸುತ್ತ ಒಂದು ಬದು. ಹೊಂಗೆ ಮರದ ಕೆಳಗೋ ತೆಂಗಿನ ಗರಿಯ ಚಪ್ಪರದ ಕೆಳಗೋ ಇರಲಿ. ಮೇಲೆ ಮಣ್ಣೋ ಸೊಪ್ಪೋ ಮುಚ್ಚಿ. ತಿಂಗಳಿಗೊಂದು ಸಲ ಮಗುಚಿ. ಇಷ್ಟು ಮಾಡಿದರೆ ಅದೇ ಸಗಣಿಯಿಂದ ಈಗಿರುವುದಕ್ಕಿಂತ ಎಷ್ಟೋ ಸಾರವಾದ ಗೊಬ್ಬರ ಸಿಗುತ್ತದೆ. ಇದಕ್ಕೆ ಯಾವ ಕಂಪನಿಯೂ ಬೇಡ.

ಇಲ್ಲಿಗೆ ಇದ್ದಿಲು ಬರುತ್ತದೆ. ಇದ್ದಿಲು ಅಂದರೆ ಕಣಜ, ಗೊಬ್ಬರ ಅಂದರೆ ಕಾಳು. ಖಾಲಿ ಕಣಜ ಯಾರ ಹೊಟ್ಟೆಯನ್ನೂ ತುಂಬುವುದಿಲ್ಲ. ಕಾಳಿದ್ದೂ ಕಣಜ ಇಲ್ಲದಿದ್ದರೆ ಮಳೆಗೆ, ಇಲಿಗೆ ಹೋಗುತ್ತದೆ. ಹೊಸ ಇದ್ದಿಲನ್ನು ಹಾಗೇ ಮಣ್ಣಿಗೆ ಹಾಕಿದರೆ ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದು ಇಟ್ಟುಕೊಳ್ಳಬಹುದು. ಆ ವರ್ಷ ಪೈರು ಹಳದಿಯಾಗಿ ನಿಲ್ಲುತ್ತದೆ. "ಬಯೋಚಾರ್ ಹಾಕಿ ಕೆಟ್ಟೆ ಸಾರ್" ಅಂತ ಹೇಳಿದವರನ್ನು ವಿಚಾರಿಸಿ ನೋಡಿದರೆ, ಬಹಳ ಸಲ ಒಲೆಯಿಂದ ತೆಗೆದ ಒಣ ಇದ್ದಿಲನ್ನು ಸೀದಾ ಸಾಲಿಗೆ ಸುರಿದಿರುತ್ತಾರೆ.

ಬಯೋಚಾರ್ ಮಾತು ಬಂದಾಗ ಎಲ್ಲರೂ ಅಮೆಜಾನ್ ಕಾಡಿನ ಕಪ್ಪು ಮಣ್ಣಿನ ಕತೆ ಹೇಳುತ್ತಾರೆ. ಕತೆ ನಿಜವೇ. ಬ್ರೆಜಿಲ್ ದೇಶದಲ್ಲಿ ನದಿ ದಡಗಳ ಮೇಲೆ ಅಲ್ಲಲ್ಲಿ ಕಪ್ಪು ಮಣ್ಣಿನ ತುಂಡುಗಳಿವೆ. ಸುತ್ತಲಿನ ಮಣ್ಣು ಹಳದಿ, ಹುಳಿ, ಬಡಕಲು. ಕಪ್ಪು ಮಣ್ಣು ಮಾತ್ರ ಫಲವತ್ತು. ಸುಮಾರು 500ರಿಂದ 2500 ವರ್ಷಗಳ ಹಿಂದೆ ಅಲ್ಲಿನ ಮೂಲ ಜನ ಬಿಟ್ಟುಹೋದದ್ದು ಅದು. ಅದನ್ನು ಟೆರ್ರಾ ಪ್ರೆಟಾ ಅಂತ ಕರೆಯುತ್ತಾರೆ. ಆದರೆ ಅದರಲ್ಲಿ ಏನೇನು ಸಿಗುತ್ತದೆ ಅಂತ ಪೂರ್ತಿ ಹೇಳಬೇಕು. ಇದ್ದಿಲು ಇದೆ. ಅದರ ಜೊತೆಗೆ ಮೀನಿನ ಮೂಳೆ, ಪ್ರಾಣಿಗಳ ಮೂಳೆ, ಒಡೆದ ಮಡಕೆ ಚೂರು, ಅಡುಗೆ ಮನೆಯ ಕಸ, ಜನ ವಾಸ ಮಾಡಿದ ಜಾಗದ ಎಲ್ಲ ಹೊಲಸು ಇದೆ. ಅಂದರೆ ಅದೂ ಒಂದು ತಿಪ್ಪೆಯೇ. ಇದ್ದಿಲು ಬಿದ್ದ ತಿಪ್ಪೆ.

ಅದೇ ಅಮೆಜಾನ್ ಸೀಮೆಯ ಬಡ ಮಣ್ಣಿನಲ್ಲಿ ಮಾಡಿದ ಒಂದು ಪ್ರಯೋಗದ ಫಲಿತಾಂಶ 2007ರಲ್ಲಿ ಹೊರಗೆ ಬಂತು. ಭತ್ತ, ಜೋಳ ಹಾಕಿ ನಾಲ್ಕು ಬೆಳೆ ತೆಗೆದರು. ಹೆಕ್ಟೇರಿಗೆ 11 ಟನ್ ಇದ್ದಿಲು ಹಾಕಿ ಮೇಲೆ ರಸಗೊಬ್ಬರ ಕೊಟ್ಟ ಕಡೆ, ಬರೀ ರಸಗೊಬ್ಬರ ಕೊಟ್ಟ ಕಡೆಗಿಂತ ಕಾಳು ಎರಡು ಪಟ್ಟು ಬಂತು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಪ್ರಯೋಗದಲ್ಲಿ ನಾಲ್ಕು ಬೆಳೆ ಸೇರಿ ಎಲ್ಲಕ್ಕಿಂತ ಜಾಸ್ತಿ ಇಳುವರಿ ಕೊಟ್ಟದ್ದು ಕೋಳಿ ಗೊಬ್ಬರ. ಇದನ್ನು ಹೇಳುವವರು ಕಡಿಮೆ.

ಸರಿ, ಎಷ್ಟು ಹಾಕಬೇಕು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಇದರಲ್ಲೇ ಅರ್ಧ ಉತ್ತರ ಇದೆ. ಲೋಕದ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನೆಲ್ಲ ಸೇರಿಸಿ 2017ರಲ್ಲಿ ಒಂದು ಪರಿಶೀಲನೆ ಮಾಡಿದರು. ಉಷ್ಣ ವಲಯದ ಮಣ್ಣುಗಳಲ್ಲಿ ಬಯೋಚಾರ್‌ನಿಂದ ಇಳುವರಿ ಸರಾಸರಿ 25 ಶೇಕಡ ಹೆಚ್ಚಾಗಿತ್ತು. ತಣ್ಣನೆಯ ದೇಶಗಳ ಮಣ್ಣಿನಲ್ಲಿ ಸರಾಸರಿ ಏನೂ ಹೆಚ್ಚಾಗಿರಲಿಲ್ಲ. ನಮಗೆ ಒಳ್ಳೆಯ ಸುದ್ದಿ ಅನ್ನಿಸುತ್ತದೆ. ಆದರೆ ಆ ಉಷ್ಣ ವಲಯದ ಪ್ರಯೋಗಗಳಲ್ಲಿ ಹಾಕಿದ ಪ್ರಮಾಣ ಸಾಮಾನ್ಯವಾಗಿ ಹೆಕ್ಟೇರಿಗೆ 15 ಟನ್ ಆಸುಪಾಸು. ಎಕರೆಗೆ 6 ಟನ್. ನಾಲ್ಕೈದು ಕೆ.ಜಿ. ಒಣ ಕಟ್ಟಿಗೆ ಸುಟ್ಟರೆ ಒಂದು ಕೆ.ಜಿ. ಇದ್ದಿಲು. 6 ಟನ್ ಇದ್ದಿಲಿಗೆ 24ರಿಂದ 30 ಟನ್ ಒಣ ಕಟ್ಟಿಗೆ ಬೇಕು. ಒಂದು ಎಕರೆಗೆ! ಎಲ್ಲಿಂದ ತರುತ್ತೀರಿ? ತಂದರೂ ಯಾವ ಮರ ಕಡಿದು ತರುತ್ತೀರಿ? ಎಕರೆಯ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 900 ಟನ್ ತೂಗುತ್ತದೆ. ಹೊಲದ ತುಂಬ ಎರಚಿ ಮಣ್ಣಿನ ಗುಣ ಬದಲಿಸುತ್ತೇನೆ ಅನ್ನುವುದು ರೈತನ ಕೈಗೆ ಎಟುಕುವ ಮಾತಲ್ಲ.

ಎಟುಕುವ ದಾರಿ ಬೇರೆ ಇದೆ. ನೇಪಾಳದಲ್ಲಿ ಕುಂಬಳದ ಮೇಲೆ ಮಾಡಿದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಹೆಕ್ಟೇರಿಗೆ ಬರೀ 750 ಕೆ.ಜಿ. ಇದ್ದಿಲು, ಅಂದರೆ ಎಕರೆಗೆ 300 ಕೆ.ಜಿ. ಅದನ್ನು ಹಸುವಿನ ಗಂಜಲದಲ್ಲಿ ನೆನೆಸಿ ಬೇರಿನ ಹತ್ತಿರ ಮಾತ್ರ ಹಾಕಿದರು. ಬರೀ ಗಂಜಲ ಕೊಟ್ಟ ಗಿಡಗಳಿಗಿಂತ ಇಳುವರಿ ನಾಲ್ಕು ಪಟ್ಟು ಬಂತು. ನೆನೆಸದ ಇದ್ದಿಲು ಹಾಕಿದ ಗಿಡಗಳಿಗಿಂತಲೂ ಶೇಕಡ 85ರಷ್ಟು ಜಾಸ್ತಿ. ಒಂದು ಪ್ರಯೋಗ, ಒಂದು ಬೆಳೆ. ನಿಮ್ಮ ಹೊಲದಲ್ಲೂ ನಾಲ್ಕು ಪಟ್ಟು ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ದಾರಿ ಕಾಣಿಸುತ್ತದೆ. ಕಡಿಮೆ ಇದ್ದಿಲು, ಸಾರ ಕುಡಿಸಿದ ಇದ್ದಿಲು, ಬೇರಿನ ಬುಡಕ್ಕೆ. ಇನ್ನೊಂದು ವಿಶೇಷ ಅಂದರೆ ಅವರು ಇದ್ದಿಲು ಮಾಡಿದ್ದು ಯುಪಟೋರಿಯಂ ಅನ್ನುವ ಕಾಡು ಕಳೆಯಿಂದ. ನಮ್ಮ ಮಲೆನಾಡು, ಕರಾವಳಿಯಲ್ಲಿ ಕಮ್ಯುನಿಸ್ಟ್ ಗಿಡ ಅಂತ ಕರೆಯುತ್ತಾರಲ್ಲ, ಅದರ ಹತ್ತಿರದ ನೆಂಟ.

ಕರಾವಳಿ ಅಂದಾಗ ನೆನಪಾಯಿತು. ದಕ್ಷಿಣ ಕನ್ನಡ, ಉಡುಪಿ ಕಡೆ ಸುಡುಮಣ್ಣು ಅಂತ ಮಾಡುತ್ತಾರೆ. ತರಗೆಲೆ, ಕಡ್ಡಿ, ಕಸ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ, ಬುಡದಲ್ಲಿ ಬೆಂಕಿ ಕೊಡುತ್ತಾರೆ. ಅದು ಉರಿಯದೆ ಒಳಗೊಳಗೇ ಬೇಯುತ್ತದೆ. ಆರಿದ ಮೇಲೆ ಇದ್ದಿಲು, ಬೂದಿ, ಬೆಂದ ಮಣ್ಣು ಎಲ್ಲ ಬೆರೆತ ಕಪ್ಪು ಹುಡಿ ಸಿಗುತ್ತದೆ. ತರಕಾರಿಗೆ, ಮಲ್ಲಿಗೆ ಗಿಡಕ್ಕೆ ಅದನ್ನು ಹಾಕುತ್ತಾರೆ, ಜೊತೆಗೆ ಹಟ್ಟಿ ಗೊಬ್ಬರವನ್ನೂ ಹಾಕುತ್ತಾರೆ. ಅಲ್ಲಿಯ ಮಣ್ಣು ಹುಳಿ ಮಣ್ಣು. ಬೂದಿ ಮತ್ತು ಇದ್ದಿಲು ಆ ಹುಳಿಯನ್ನು ತಗ್ಗಿಸುತ್ತವೆ. ಹೊಸ ಹೆಸರು ಬಂದಿದೆ, ಕೆಲಸ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ.

ಇದ್ದಿಲು ಯಾವುದರಿಂದ ಮಾಡಬೇಕು? ನನ್ನ ಲೆಕ್ಕ ಸರಳ. ದನ ತಿನ್ನುವುದನ್ನು ಸುಡಬೇಡಿ. ಬೇಗ ಕಳಿಯುವುದನ್ನು ಸುಡಬೇಡಿ. ಮಾರಿದರೆ ದುಡ್ಡು ಬರುವುದನ್ನು ಸುಡಬೇಡಿ. ರಾಗಿ ಹುಲ್ಲು ದನಕ್ಕೆ. ಅವರೆ, ಹುರುಳಿ ಸಿಪ್ಪೆ, ಸೊಪ್ಪು ತಿಪ್ಪೆಗೆ. ತೆಂಗಿನ ಚಿಪ್ಪನ್ನು ಮಾರಿಬಿಡಿ. ಚಿಪ್ಪಿನ ಇದ್ದಿಲು ಆಕ್ಟಿವೇಟೆಡ್ ಕಾರ್ಬನ್ ಮಾಡುವ ಕಾರ್ಖಾನೆಗೆ ಹೋಗುತ್ತದೆ, ಒಳ್ಳೆಯ ಬೆಲೆ ಇದೆ, ಅದನ್ನು ಮಣ್ಣಿಗೆ ಹಾಕುವುದು ದುಬಾರಿ ಕೆಲಸ. ಮಟ್ಟೆಯನ್ನೂ, ಅಂದರೆ ಕಾಯಿಯ ನಾರಿನ ಸಿಪ್ಪೆಯನ್ನೂ, ಸುಡಬೇಡಿ. ತೆಂಗಿನ ಸಾಲಿನ ಮಧ್ಯೆ ಚರಂಡಿ ತೆಗೆದು ಮಟ್ಟೆಯ ಒಳಭಾಗ ಮೇಲೆ ಬರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿದರೆ ಐದಾರು ವರ್ಷ ಮಳೆ ನೀರು ಹಿಡಿದು ಕೊಡುತ್ತದೆ. ಗರಿಯ ಎಲೆ ಭಾಗವನ್ನು ಪಾತಿಗೆ ಹೊದಿಸಿ.

ಏನು ಉಳಿಯಿತು? ಗರಿಯ ಬುಡದ ದಪ್ಪ ದಿಂಡು, ಒಣಗಿದ ಹೊಂಬಾಳೆ, ಒಲೆಗೆ ಬಳಸಿ ಮಿಕ್ಕ ತೊಗರಿ ಕಟ್ಟಿಗೆ, ಬೇಲಿಯ ಲಂಟಾನ, ಕೆರೆ ಅಂಗಳದ ಬಳ್ಳಾರಿ ಜಾಲಿ. ಇವು ತಿಪ್ಪೆಯಲ್ಲಿ ಎರಡು ವರ್ಷ ಬಿದ್ದಿದ್ದರೂ ಕಳಿಯುವುದಿಲ್ಲ. ಈಗ ಏನು ಮಾಡುತ್ತೀರಿ? ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಇಡುತ್ತೀರಿ. ಎಲ್ಲ ಹೊಗೆ, ಬೂದಿ. ಅದನ್ನೇ ಇದ್ದಿಲು ಮಾಡಿ ಅನ್ನುವುದಷ್ಟೇ ನನ್ನ ಮಾತು. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಮಾತ್ರ ಯಾವ ಕಾರಣಕ್ಕೂ ಬೇಡ.

ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರಿಡಾ ಅನ್ನುತ್ತಾರೆ, ಅವರು ಎಣ್ಣೆ ಡ್ರಮ್ಮಿನಿಂದ ಮಾಡುವ ಇದ್ದಿಲು ಒಲೆಯನ್ನು ರೂಪಿಸಿದ್ದಾರೆ. ಹತ್ತಿ, ತೊಗರಿ, ಹರಳು, ಮುಸುಕಿನ ಜೋಳದ ಕಡ್ಡಿಗೆ ಆಗುತ್ತದೆ. ಆದರೆ ಏನೂ ಖರ್ಚಿಲ್ಲದ ದಾರಿ ಅಂದರೆ ಗುಂಡಿ. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಂದೆರಡು ಕಡೆ ತಪ್ಪಿದರೆ ಕೊನೆಗೆ ಬೂದಿ ಮಾತ್ರ ಉಳಿಯುತ್ತದೆ.

ಮೇಲೆ ನಾಲ್ಕು ಅಡಿ ಅಗಲ, ಕೆಳಗೆ ಕಿರಿದಾಗುತ್ತಾ ಎರಡೂವರೆ ಅಡಿ ಆಳ. ಗೋಡೆ ಇಳಿಜಾರಾಗಿರಬೇಕು. ಕಡ್ಡಿ ಚೆನ್ನಾಗಿ ಒಣಗಿರಬೇಕು. ಮುರಿದರೆ ಟಕ್ ಅಂತ ಸದ್ದು ಬರಬೇಕು. ಹೆಬ್ಬೆರಳಿಗಿಂತ ದಪ್ಪದ್ದನ್ನು ಸೀಳಿಕೊಳ್ಳಿ. ಮೊದಲು ತಳದಲ್ಲಿ ಸಣ್ಣ ಪುಳ್ಳೆ ಇಟ್ಟು ಮೇಲ್ಗಡೆಯಿಂದ ಬೆಂಕಿ ಹಚ್ಚಿ. ಉರಿ ಚೆನ್ನಾಗಿ ಎದ್ದ ಮೇಲೆ ಒಂದು ಪದರ ಕಡ್ಡಿ ಹಾಕಿ. ಈಗ ಕಣ್ಣು ಬೆಂಕಿಯ ಮೇಲೇ ಇರಬೇಕು. ಕಡ್ಡಿ ಕೆಂಪಾಗಿ, ಅದರ ಮೈಮೇಲೆ ಬಿಳಿ ಬೂದಿಯ ತೆಳು ಪೊರೆ ಕಾಣಿಸಿಕೊಳ್ಳಲು ಶುರುವಾಗುತ್ತದೆ. ಆ ಕ್ಷಣವೇ ಮುಂದಿನ ಪದರ ಹಾಕಬೇಕು. ಮೇಲಿನ ಪದರದ ಉರಿ ಬರುವ ಗಾಳಿಯನ್ನೆಲ್ಲ ತಾನೇ ಬಳಸಿಕೊಳ್ಳುತ್ತದೆ. ಕೆಳಗಿನ ಕಡ್ಡಿಗೆ ಗಾಳಿ ಸಿಗದೆ ಅದು ಇದ್ದಿಲಾಗಿ ಉಳಿಯುತ್ತದೆ. ತಡ ಮಾಡಿದರೆ ಬೂದಿ. ಆತುರಪಟ್ಟು ಒಂದೇ ಸಲ ಜಾಸ್ತಿ ತುಂಬಿದರೆ ಉರಿ ಅಣಗಿ ದಟ್ಟ ಹೊಗೆ ಏಳುತ್ತದೆ. ಹೊಗೆ ಎದ್ದರೆ ನಿಮ್ಮ ಕೆಲಸ ತಪ್ಪುತ್ತಿದೆ ಅಂತ ಅರ್ಥ. ಹೀಗೆ ಪದರ ಪದರವಾಗಿ ಗುಂಡಿ ತುಂಬುವವರೆಗೆ ಹಾಕಿ. ಕೊನೆಯ ಪದರಕ್ಕೆ ಬಿಳಿ ಪೊರೆ ಬಂದಾಗ ಕೊಡ ಕೊಡ ನೀರು ಸುರಿದು ಪೂರ್ತಿ ಆರಿಸಿ. ನೀರಿಲ್ಲದಿದ್ದರೆ ಹಸಿ ಮಣ್ಣು ಮುಚ್ಚಿ ಒಂದು ರಾತ್ರಿ ಬಿಡಿ.

ಒಂದು ಎಚ್ಚರಿಕೆ. ಆರಿತು ಅಂದುಕೊಂಡ ಇದ್ದಿಲಿನ ಒಳಗೆ ಕೆಂಡ ಉಳಿದಿರುತ್ತದೆ. ಅದೇ ದಿನ ಚೀಲಕ್ಕೆ ತುಂಬಿ ಮನೆಯೊಳಗೆ ಇಡಬೇಡಿ. ನೆಲದ ಮೇಲೆ ತೆಳ್ಳಗೆ ಹರಡಿ, ಮಾರನೇ ದಿನ ಕೈಯಿಂದ ಮುಟ್ಟಿ ನೋಡಿ ತುಂಬಿ. ಬೇಸಿಗೆಯ ಗಾಳಿಯಲ್ಲಿ, ಒಣ ಹುಲ್ಲಿನ ಪಕ್ಕದಲ್ಲಿ ಗುಂಡಿ ತೆಗೆಯಬೇಡಿ. ಪುಡಿ ಮಾಡುವಾಗ ಇದ್ದಿಲು ಒದ್ದೆಯಾಗಿರಲಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳು ಎದೆಗೆ ಒಳ್ಳೆಯದಲ್ಲ. ಇದ್ದಿಲು ಸರಿಯಾಗಿ ಬೆಂದಿದೆಯಾ ಅಂತ ತಿಳಿಯಲು ಒಂದು ಚೂರನ್ನು ಅಂಗೈಯಲ್ಲಿ ತಿಕ್ಕಿ ನೀರಿನಲ್ಲಿ ತೊಳೆಯಿರಿ. ಬರೀ ನೀರಿಗೆ ಕಪ್ಪು ಹೋದರೆ ಚೆನ್ನಾಗಿ ಬೆಂದಿದೆ. ಜಿಡ್ಡು ಜಿಡ್ಡಾಗಿ ಅಂಟಿ ಸೋಪು ಬೇಕಾದರೆ ಅರೆಬೆಂದದ್ದು, ಇನ್ನೊಂದು ಸಲ ಸುಡಬೇಕು.

ಇದ್ದಿಲು ಸಿದ್ಧವಾಯಿತು. ಅದಕ್ಕೆ ಸಾರ ಕುಡಿಸುವುದಕ್ಕೆ ಅತ್ಯಂತ ಒಳ್ಳೆಯ ಜಾಗ ದನದ ಕೊಟ್ಟಿಗೆ. ಕಡಲೆ ಕಾಳಿನ ಗಾತ್ರಕ್ಕೆ ಪುಡಿ ಮಾಡಿದ ಇದ್ದಿಲನ್ನು ಗಂಜಲ ಹರಿಯುವ ಕಡೆ ಹರಡಿ. ಗಂಜಲ ಕುಡಿದು ಅದು ಭಾರವಾಗುತ್ತದೆ. ಬೆಳಿಗ್ಗೆ ಕಸ ಬಳಿಯುವಾಗ ಸಗಣಿ ಜೊತೆಗೇ ತಿಪ್ಪೆಗೆ ಹೋಗುತ್ತದೆ. ಕೊಟ್ಟಿಗೆ ಗುಡಿಸುವ ಹೆಣ್ಣುಮಕ್ಕಳು ಇಲ್ಲಿ ಬಹಳ ಜನ ಇದ್ದೀರಿ. ನಿಮಗೆ ಮೊದಲ ವಾರದಲ್ಲೇ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ಘಾಟು ಕಡಿಮೆಯಾಗುತ್ತದೆ. ಮೂಗಿಗೆ ಬರದ ಅಮೋನಿಯಾ ಗೊಬ್ಬರದಲ್ಲೇ ಉಳಿದಿದೆ ಅಂತ ಅರ್ಥ. ಕೊಟ್ಟಿಗೆಯಲ್ಲಿ ಆಗದಿದ್ದರೆ ತಿಪ್ಪೆಗೇ ಸೇರಿಸಿ. ಹತ್ತು ಮಂಕರಿ ಸಗಣಿಗೆ ಒಂದು ಮಂಕರಿ ಇದ್ದಿಲು ಸಾಕು. ಎರಡು ಮೂರು ತಿಂಗಳು ಒಟ್ಟಿಗೆ ಕಳಿಯಲಿ. ಸಗಣಿ, ಗಂಜಲ, ಬೆಲ್ಲ ಕಲಸಿ ಜೀವಾಮೃತ ಮಾಡುವವರು ಇದ್ದಿಲನ್ನು ಅದರಲ್ಲೇ ನೆನೆಸಬಹುದು.

ತೆಂಗಿನ ತೋಟಕ್ಕೆ ಹಾಕುವುದು ಹೀಗೆ. ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ ಅಂತ ಶಿಫಾರಸು ಇದೆ. ಸಾರ ಎಳೆಯುವ ಬೇರುಗಳು ಹೆಚ್ಚಾಗಿ ಬುಡದಿಂದ ಆರು ಅಡಿ ಒಳಗೇ ಇರುತ್ತವೆ. ಹಾಗಾಗಿ ಬುಡದಿಂದ ಸುತ್ತ ಆರು ಅಡಿವರೆಗಿನ ಪಾತಿ ಒಳಗೆ ಇದ್ದಿಲು ಬೆರೆತ ಗೊಬ್ಬರ ಹಾಕಿ, ಮೇಲೆ ಮಣ್ಣು ಎಳೆದು, ಗರಿ ಹೊದಿಸಿ. ನಾಲ್ಕೈದು ಕೆ.ಜಿ. ಇದ್ದಿಲು ಒಂದು ಮರಕ್ಕೆ ಒಂದು ಸಲಕ್ಕೆ ಸಾಕು. ಪ್ರತಿ ವರ್ಷ ಎಲ್ಲ ಮರಕ್ಕೂ ಹಾಕಬೇಕಾಗಿಲ್ಲ. ಈ ವರ್ಷ ಎರಡು ಸಾಲು, ಮುಂದಿನ ವರ್ಷ ಇನ್ನೆರಡು ಸಾಲು. ಇದ್ದಿಲು ಎಲ್ಲಿಗೂ ಹೋಗುವುದಿಲ್ಲವಲ್ಲ. ಗೊಬ್ಬರ ಮಾತ್ರ ವರ್ಷ ವರ್ಷವೂ ಬೇಕು. ಇದ್ದಿಲು ಹಾಕಲು ಹೊಸ ಸಸಿಗೆ ಗುಂಡಿ ತೆಗೆಯುವ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ, ಆಮೇಲೆ ಅಷ್ಟು ಆಳಕ್ಕೆ ಹಾಕಲು ಆಗುವುದಿಲ್ಲ.

ರಾಗಿ ಹೊಲಕ್ಕೆ? ಸದ್ಯಕ್ಕೆ ಇದ್ದಿಲಿನ ಯೋಚನೆ ಬಿಡಿ ಅಂತಲೇ ಹೇಳುತ್ತೇನೆ. ಅಲ್ಲಿ ಗೊಬ್ಬರ, ಅಕ್ಕಡಿ ಸಾಲು, ಬದುವಿನಲ್ಲಿ ಹಸಿರೆಲೆ ಗೊಬ್ಬರದ ಗ್ಲಿರಿಸಿಡಿಯಾ ಗಿಡ ಇವು ನಿಮ್ಮ ಶ್ರಮಕ್ಕೆ ಬೇಗ ಫಲ ಕೊಡುತ್ತವೆ. ದನ ಇಲ್ಲದವರು ಮುಂಗಾರಿನ ಮೊದಲ ಮಳೆಗೆ ಅಪ್ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿ. ಅದೂ ಸಾವಯವ ಗೊಬ್ಬರವೇ, ತಿಪ್ಪೆ ಇಲ್ಲದ ಮನೆಯ ಗೊಬ್ಬರ.

ನಿಮ್ಮ ನೆಂಟರು ಬಳ್ಳಾರಿ, ಗದಗ, ರಾಯಚೂರು ಕಡೆ ಇದ್ದರೆ ಅವರಿಗೆ ಈ ಮಾತನ್ನು ಹಾಗೇ ಹೇಳಬೇಡಿ. ಅವರದು ಎರೆ ಭೂಮಿ. ಸಾರ ಹಿಡಿಯುವ ಶಕ್ತಿ ಅದಕ್ಕೆ ಮೊದಲೇ ಇದೆ, ಸುಣ್ಣದ ಅಂಶವೂ ಇದೆ, ಬಹಳ ಕಡೆ ರಸಸಾರ (pH) 8 ದಾಟಿರುತ್ತದೆ. ಇದ್ದಿಲು ಸಾಮಾನ್ಯವಾಗಿ ಕ್ಷಾರ. ಅಲ್ಲಿ ಅದರಿಂದ ಲಾಭ ಕಡಿಮೆ, ಜಾಸ್ತಿ ಹಾಕಿದರೆ ಸತು, ಕಬ್ಬಿಣ ಬೆಳೆಗೆ ಸಿಗುವುದು ಇನ್ನೂ ಕಷ್ಟವಾಗಬಹುದು. ಅವರಿಗೆ ಗೊಬ್ಬರವೇ ಸರಿ. ಇನ್ನೊಂದು ಗುಣ ನೆನಪಿಡಿ. ಇದ್ದಿಲು ಕಳೆನಾಶಕವನ್ನೂ ಹೀರಿಕೊಳ್ಳುತ್ತದೆ. ಮಣ್ಣಿಗೆ ಹೊಡೆಯುವ ಕಳೆನಾಶಕ ಬಳಸುವ ಹೊಲದಲ್ಲಿ ಅದರ ಕೆಲಸ ಕುಗ್ಗುತ್ತದೆ.

ಈಗ ಚೀಲದಲ್ಲಿ ಬಯೋಚಾರ್ ಮಾರಲು ಬರುತ್ತಿದ್ದಾರೆ. ಕಾರ್ಬನ್ ಕ್ರೆಡಿಟ್, ಅಂದರೆ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಟ್ಟದ್ದಕ್ಕೆ ದುಡ್ಡು, ಕೊಡಿಸುತ್ತೇವೆ ಅಂತ ಬರುವವರೂ ಇದ್ದಾರೆ. ಬರುವವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಇದ್ದಿಲಿನ ಇಂಗಾಲ ನೂರಾರು ವರ್ಷ ಮಣ್ಣಿನಲ್ಲಿ ನಿಲ್ಲುವುದರಿಂದ ಅದಕ್ಕೆ ಹೊರಗಿನ ಮಾರುಕಟ್ಟೆಯಲ್ಲಿ ಬೆಲೆ ಇದೆ. ಆದರೆ ಕೇಳಬೇಕಾದ್ದನ್ನು ಕೇಳಿ. ಯಾವ ಕಟ್ಟಿಗೆಯಿಂದ ಮಾಡಿದ್ದು? ರಸಸಾರ ಎಷ್ಟು? ಬೂದಿ ಎಷ್ಟು ಶೇಕಡ? ಸಾರ ಕುಡಿಸಿದ್ದೋ, ಬರೀ ಇದ್ದಿಲೋ? ಕ್ರೆಡಿಟ್ಟಿನ ದುಡ್ಡಿನಲ್ಲಿ ರೈತನ ಪಾಲು ಎಷ್ಟು, ಎಷ್ಟು ವರ್ಷದ ಕರಾರು? ಬರವಣಿಗೆಯಲ್ಲಿ ಕೊಡಲಿ. ಮನೆಯ ಕಸದಿಂದಲೇ ಮಾಡಿಕೊಳ್ಳುವಂಥದ್ದಕ್ಕೆ ಸಾಲ ಮಾಡಿ ಚೀಲ ತರಬೇಡಿ.

ಕೊನೆಯದಾಗಿ, ಪರೀಕ್ಷೆ. ನನ್ನ ಮಾತು ನಂಬಿ ಇಡೀ ತೋಟಕ್ಕೆ ಮಾಡಬೇಡಿ. ಒಂದೇ ವಯಸ್ಸಿನ, ಒಂದೇ ತರಹ ಕಾಯಿ ಬಿಡುವ ಹನ್ನೆರಡು ಮರ ಆರಿಸಿಕೊಳ್ಳಿ. ನಾಲ್ಕಕ್ಕೆ ಈಗ ಮಾಡುತ್ತಿರುವ ಹಾಗೆ. ನಾಲ್ಕಕ್ಕೆ ನೆರಳಲ್ಲಿ, ಮುಚ್ಚಿಗೆಯ ಕೆಳಗೆ ಕಳಿತ ಒಳ್ಳೆಯ ಗೊಬ್ಬರ. ನಾಲ್ಕಕ್ಕೆ ಅದೇ ಗೊಬ್ಬರ, ಅಷ್ಟೇ ತೂಕ, ಇದ್ದಿಲು ಬೆರೆಸಿದ್ದು. ಮೂರು ಗುಂಪಿಗೂ ನೀರು ಒಂದೇ ತರಹ ಕೊಡಿ. ಕಾಂಡಕ್ಕೆ ಸುಣ್ಣದಲ್ಲಿ ಗುರುತು ಹಾಕಿ. ತೆಂಗಿನಲ್ಲಿ ಹೊಂಬಾಳೆ ಒಳಗೊಳಗೇ ಮೂಡಿ ಕಾಯಾಗಿ ಕೆಳಗಿಳಿಯಲು ವರ್ಷಗಳೇ ಬೇಕು. ಹಾಗಾಗಿ ಮೊದಲ ಕೊಯ್ಲು ನೋಡಿ ತೀರ್ಮಾನ ಮಾಡಬೇಡಿ, ಮೂರ್ನಾಲ್ಕು ವರ್ಷ ಕಾಯಿ ಎಣಿಸಿ ಬರೆದಿಡಿ. ಬೇಗ ಗೊತ್ತಾಗಬೇಕು ಅಂದರೆ ಹಿತ್ತಲಿನ ಬದನೆ, ಮೆಣಸಿನಕಾಯಿ ಮಡಿಯಲ್ಲಿ ಇದನ್ನೇ ಮಾಡಿ, ಒಂದೇ ಹಂಗಾಮಿಗೆ ಕಾಣಿಸುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಇದ್ದಿಲು ಹಾಕಿದ ಜಾಗ ಅಂತ ಹೇಳಿ ಕೊಡಿ. ಪ್ರಯೋಗಾಲಯದಲ್ಲಿ ಮಾಮೂಲಿಯಾಗಿ ಮಾಡುವ ಸಾವಯವ ಇಂಗಾಲದ ಪರೀಕ್ಷೆಗೆ ಇದ್ದಿಲಿನ ಇಂಗಾಲ ಪೂರ್ತಿ ಸಿಕ್ಕುವುದಿಲ್ಲ. ಕಾರ್ಡಿನಲ್ಲಿ ಅಂಕಿ ಅಷ್ಟೇನೂ ಏರಲಿಲ್ಲ ಅಂತ ಬೇಜಾರಾಗಬೇಡಿ. ಮಳೆ ಬಿಟ್ಟು ಎಂಟು ದಿನ ಆದ ಮೇಲೆ ಮೂರೂ ಗುಂಪಿನ ಪಾತಿಯಲ್ಲಿ ಗೇಣುದ್ದ ಕೆದಕಿ, ಯಾವುದರಲ್ಲಿ ತೇವ ಎಷ್ಟು ಉಳಿದಿದೆ ಅಂತ ಕೈಯಿಂದಲೇ ನೋಡಿ, ಅದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.